ಕಿವಿಗೆ ಒಂದು ತಾಸು

ಬಚ್ಚಲ ಒಲೆಗೆ ಬೆಂಕಿ ಹಾಕುವುದು, ನಳ ಬರುವ ಮೊದಲು ಕೊಡಗಳನ್ನು ಸಾಲಾಗಿ ಇಡುವುದು, ಎಮ್ಮೆಯ ಸಗಣಿ ಬಳಿದು ಹಾಲು ಹಿಂಡುವುದು, ಸೊಂಟ ಮುರಿದು ಮಲಗಿದ ಅತ್ತೆ ಅಮೃತಮ್ಮನ ಬಟ್ಟೆ ಬದಲಿಸಿ ಒಗೆಯುವುದು, ಇಪ್ಪತ್ತು ಜೋಳದ ರೊಟ್ಟಿ ಬಡಿಯುವುದು. ಶಹಾಬಾದಿನ ಭುವನೇಶ್ವರಿ ಇಷ್ಟು ಮುಗಿಸಿದಾಗಲೂ ಬೆಳಗಾಗಿರುತ್ತಿರಲಿಲ್ಲ.

ಹನ್ನೊಂದು ವರ್ಷ ಅವಳು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಶ್ ಮಷೀನಿನ ಪಕ್ಕ ನಿಂತು ದುಡಿದಿದ್ದಳು. ಅತ್ತೆ ಬಿದ್ದ ಮೇಲೆ ಆ ಕೆಲಸ ಬಿಡಿಸಿದರು. ಮಷೀನು ಬಿಟ್ಟರೂ ಎರಡೂ ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲಲಿಲ್ಲ. ರೊಟ್ಟಿ ಬಡಿಯುವಾಗ ಮಾತ್ರ ಕೇಳಿಸುವುದಿಲ್ಲ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದಳು.

“ಹಂಗಾದ್ರ ಔಷಧ ಮನ್ಯಾಗೇ ಅದ ಅಲ್ಲೇನು,” ಎಂದಳು ಅಮೃತಮ್ಮ. “ಇನ್ನ ನಾಕು ಹೆಚ್ಚಿಗಿ ಬಡಿ.”

ಗಂಡ ಶಿವರಾಯ ನಕ್ಕ. ಮರುವಾರ ಲಾರಿ ಡ್ರೈವರುಗಳ ಖಾನಾವಳಿಗೆ ದಿನಕ್ಕೆ ಅರವತ್ತು ರೊಟ್ಟಿ ಒಪ್ಪಿಕೊಂಡು ಬಂದ.

ಕಲಬುರಗಿಯ ಕಿವಿ ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. ಇದನ್ನು ಪೂರ್ತಿ ವಾಸಿಮಾಡುವ ಗುಳಿಗೆ ಎಲ್ಲೂ ಇಲ್ಲ, ಮಿದುಳು ಈ ಸದ್ದನ್ನು ಯಾಕೆ ಬಿಡುವುದಿಲ್ಲ ಎನ್ನುವುದೇ ಇನ್ನೂ ಪೂರ್ತಿ ತಿಳಿದಿಲ್ಲ, ಸಂಶೋಧನೆ ನಡೆದಿದೆ, ಇಷ್ಟೇ ವರ್ಷ ಎನ್ನಲಾರೆ ಎಂದರು. ಹೆಡ್‌ಫೋನಿನಲ್ಲಿ ಬೇರೆ ಸದ್ದು ಕೇಳಿಸಿದರೆ ಬಾಧೆ ತಗ್ಗೀತೇ ಎಂದು ತಾವೂ ಒಂದು ಪರೀಕ್ಷೆ ನಡೆಸುತ್ತಿದ್ದರು. ಖರ್ಚೇನೂ ಇಲ್ಲ. ಹನ್ನೆರಡು ವಾರ, ದಿನಾ ಹನ್ನೊಂದಕ್ಕೆ, ಕೈಯಲ್ಲಿ ಕೆಲಸವಿಲ್ಲದೆ, ನಡುವೆ ಏಳದೆ ಒಂದು ತಾಸು ಕೇಳಬೇಕು. ಎಷ್ಟು ಹೊತ್ತು ಕೇಳಿದರೆಂದು ಹೆಡ್‌ಫೋನೇ ಲೆಕ್ಕ ಇಡುತ್ತದೆ. ಮೂರು ದಿನ ತಪ್ಪಿದರೆ ಹೆಸರು ತೆಗೆಯುತ್ತಾರೆ. ಭುವನೇಶ್ವರಿ ಹೆಸರು ಬರೆಸಿ ಹೆಡ್‌ಫೋನು ಮನೆಗೆ ತಂದಳು.

“ತಾಸಗಟ್ಲೆ ಕುಂದ್ರೋ ರೋಗ ನಮ್ಮ ಮಂದ್ಯಾಗ ಯಾರಿಗೂ ಬಂದಿಲ್ಲ,” ಎಂದ ಶಿವರಾಯ.

ಮೂರು ವಾರದಲ್ಲಿ ಎರಡು ದಿನ ತಪ್ಪಿತು. ಒಂದು ದಿನ ಅತ್ತೆಗೆ ಮೊದಲು ನೀರಡಿಕೆ, ಆಮೇಲೆ ಕಾಲು ಜೋಮು, ಆಮೇಲೆ ಬೆನ್ನು ತುರಿಕೆ. ಇನ್ನೊಂದು ದಿನ ಶಿವರಾಯ ಹೆಡ್‌ಫೋನನ್ನು ಅಟ್ಟದ ಮೇಲಿಟ್ಟು, ಮರೆತೆ ಎಂದ.

ಇಪ್ಪತ್ತೆರಡನೆಯ ದಿನ ಅವಳು ಮೊದಲೇ ಕೇಳಿದಳು. “ಅತ್ತಿ, ಈಗೇನರ ಬೇಕೇನ್ರಿ? ಒಂದ ತಾಸು ನಾ ಏಳಂಗಿಲ್ಲ.”

“ಏನೂ ಬ್ಯಾಡ. ಹೋಗು, ಕುಂದ್ರು, ಮಹಾರಾಣಿ.”

ಹತ್ತು ನಿಮಿಷವಾಗಿರಲಿಲ್ಲ, ಬಾಗಿಲಾಚೆ ಅಮೃತಮ್ಮನ ತುಟಿ ಆಡುವುದು ಕಂಡಿತು. ಭುವನೇಶ್ವರಿ ಹೆಡ್‌ಫೋನು ಸರಿಸಿ ಒಂದು ಕಿವಿ ತೆರೆದಳು.

“ಒಂದಕ್ಕ ಬಂದದ. ಹಾಸಿಗ್ಯಾಗೇ ಹೋಗಲೇನು?”

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಾಸಿಗೆ ಒಗೆಯಬೇಕಾದವಳೂ ತಾನೇ, ಸಂಜೆ ಶಿವರಾಯನ ಹೊಡೆತ ತಿನ್ನಬೇಕಾದವಳೂ ತಾನೇ ಎಂದು ಅವಳಿಗೆ ಗೊತ್ತಿತ್ತು. ಆ ಕಿವಿಯನ್ನೂ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು.