ದಿನಕ್ಕೆ ಮೂರೇ ಪುಟ

ನಮ್ಮ ಕಟ್ಟಡದ ಲಿಫ್ಟಿನೊಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಲಿಫ್ಟಣ್ಣ, ಲಿಫ್ಟಣ್ಣನ ತೊಡೆಯ ಮೇಲೆ ಒಂದು ದಪ್ಪ ಪುಸ್ತಕ. ಸ್ಟೂಲು ಮತ್ತು ಲಿಫ್ಟಣ್ಣ ಅಲ್ಲಿ ಮೂವತ್ತೊಂದು ವರ್ಷದಿಂದ ಇದ್ದಾರೆ. ಪುಸ್ತಕ ಬಂದದ್ದು ಆಮೇಲೆ. ಇದನ್ನೆಲ್ಲ ಹೇಳುವ ನಾನು ನೆಲಮಹಡಿಯಲ್ಲಿ ಲಿಫ್ಟಿನ ಎದುರಿಗೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಕಟ್ಟಡದವರ ಬಾಯಲ್ಲಿ ನಾನು ಜೆರಾಕ್ಸಮ್ಮ.

ಮೊದಲ ಪುಸ್ತಕ ಅವನು ಕೊಂಡದ್ದಲ್ಲ. ಮೂರನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದಾರೆ. ಹಲ್ಲು ಕೀಳಿಸಿಕೊಂಡ ಯಾರೋ ನೋವಿನಲ್ಲಿ ಅದನ್ನು ಲಿಫ್ಟಿನಲ್ಲೇ ಬಿಟ್ಟು ಹೋಗಿದ್ದರು. ರಟ್ಟು ಕಿತ್ತುಹೋಗಿತ್ತು. ಹಡಗು ಒಡೆದು, ಒಬ್ಬನೇ ಒಬ್ಬ ಈಜಿ, ಮನುಷ್ಯರಿಲ್ಲದ ದ್ವೀಪ ಸೇರಿದ ಕಥೆ. ಯಾರಾದರೂ ಕೇಳಿಕೊಂಡು ಬರಬಹುದು ಎಂದು ಎರಡು ದಿನ ಜೋಪಾನವಾಗಿ ಇಟ್ಟುಕೊಂಡ. ಮೂರನೇ ದಿನ ಬೇಸರ ಕಳೆಯಲು ತೆರೆದ. ಅಲ್ಲಿಗೆ ಮುಗಿಯಿತು. ಆ ವಾರ ಎರಡನೇ ಮಹಡಿಯ ವಕೀಲರನ್ನು ನಾಲ್ಕಕ್ಕೆ ಇಳಿಸಿದ, ನಾಲ್ಕರವರನ್ನು ಎರಡಕ್ಕೆ ಇಳಿಸಿದ, ಹಲ್ಲುನೋವಿನವರೊಬ್ಬರನ್ನು ಮೂರು ಸಲ ಮೇಲೆ ಕೆಳಗೆ ತಿರುಗಿಸಿ ವಾಪಸ್ ನನ್ನ ಅಂಗಡಿ ಮುಂದೆಯೇ ಬಿಟ್ಟ.

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಪ್ರೇಮದ ಕಥೆ ಬೇಡ, ಕೊಲೆಯ ಕಥೆ ಬೇಡ. ಮರುಭೂಮಿಯಲ್ಲಿ ದಾರಿ ತಪ್ಪಿರಬೇಕು, ಹಿಮದಲ್ಲಿ ವಿಮಾನ ಬಿದ್ದಿರಬೇಕು, ಸಮುದ್ರದ ಮಧ್ಯೆ ತೆಪ್ಪ ತೇಲುತ್ತಿರಬೇಕು. ಬಸ್ ಸ್ಟಾಂಡಿನ ಹತ್ತಿರ ಹಳೇ ಪುಸ್ತಕ ಮಾರುವವನಿಗೆ ಇವನು ಕೊಟ್ಟ ಆದೇಶ ನನಗೆ ಇನ್ನೂ ನೆನಪಿದೆ: "ಮನುಷ್ಯ ಸಾಯೋ ಹಾಗಿರಬೇಕು, ಆದ್ರೆ ಸಾಯಬಾರದು. ಅಂಥದ್ದು ಬಂದ್ರೆ ಎತ್ತಿಡಪ್ಪಾ." ವಾರಕ್ಕೆ ಎರಡು ಕಾದಂಬರಿ ನುಂಗುತ್ತಿದ್ದ. ಸ್ಟೂಲಿನ ಕೆಳಗೆ ಒಂದು ಚೀಲ ಬಂತು. ಚೀಲದಲ್ಲಿ ಎರಡು ಬಾಟಲಿ ನೀರು, ಬಿಸ್ಕತ್ತು, ಟಾರ್ಚು, ಸೀಟಿ, ನಾಲ್ಕು ಮಾರು ಹಗ್ಗ. ಐದು ಮಹಡಿಯ ಕಟ್ಟಡದಲ್ಲಿ ಯಾವ ಬಿರುಗಾಳಿ ಬೀಸೀತು ಎಂದು ಎಲ್ಲರೂ ಕಾಲೆಳೆದರು. ಅವನ ಅಕ್ಕನಂತೂ ನನ್ನ ಅಂಗಡಿಗೆ ಬಂದು ದೂರು ಹೇಳಿದರು: "ಮನೇಲಿ ಕರೆಂಟ್ ಹೋದ್ರೆ ಒಂದು ಟಾರ್ಚಿಲ್ಲ ಕಣಮ್ಮಾ. ಇವನು ಅದನ್ನ ಲಿಫ್ಟಲ್ಲಿ ಬಚ್ಚಿಟ್ಟಿದಾನೆ!" ಲಿಫ್ಟಣ್ಣನಿಗೆ ಮದುವೆಯಾಗಿರಲಿಲ್ಲ. ಅಕ್ಕ ಭಾವನ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದ.

ಹೀಗೆ ಐದು ವರ್ಷ ನಡೆದಿರಬೇಕು. ಒಂದು ದಿನ ಐದನೇ ಮಹಡಿಯ ವಿಮಾ ಕಚೇರಿಯ ಟೈಪಿಸ್ಟ್ ಮೇಡಂ, ಲಿಫ್ಟು ಮೇಲೇರುತ್ತಿರುವಾಗ, ಅವನ ತೊಡೆಯ ಕಡೆ ನೋಡಿ ಕೇಳಿದರು: "ಇವತ್ತು ಎಲ್ಲಿದೀರಿ?"

"ಮರುಭೂಮಿ, ಮೇಡಂ. ನೀರು ಮುಗಿದಿದೆ."

ಸಂಜೆ ಇಳಿಯುವಾಗ, "ನೀರು ಸಿಕ್ತಾ?"

"ಒಂದು ಬಾವಿ ಕಂಡಿದೆ ಮೇಡಂ. ಇಳಿಯೋಕೆ ಹಗ್ಗ ಇಲ್ಲ."

ನೆಲಮಹಡಿಯಿಂದ ಐದನೆಯದಕ್ಕೆ ನಲವತ್ತು ಸೆಕೆಂಡು. ನಮ್ಮ ಲಿಫ್ಟಿಗೆ ವಯಸ್ಸಾಗಿದೆ, ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. ಬೆಳಿಗ್ಗೆ ನಲವತ್ತು, ಮಧ್ಯಾಹ್ನ ಹೋಗುತ್ತಾ ಬರುತ್ತಾ ನಲವತ್ತು ನಲವತ್ತು, ಸಂಜೆ ನಲವತ್ತು. ಅಷ್ಟರಲ್ಲೇ ಕಥೆ. ಅವತ್ತಿನಿಂದ ಲಿಫ್ಟಣ್ಣನ ಓದು ನಿಧಾನವಾಯಿತು. ಬರಬರುತ್ತಾ ಒಂದು ಪುಸ್ತಕ ಮೂರು ನಾಲ್ಕು ತಿಂಗಳು ನಡೆಯತೊಡಗಿತು. ಕಣ್ಣು ಹಾಳಾಯಿತೇನೋ ಎಂದು ನನಗೆ ಅನುಮಾನ. ಕೇಳಿಯೇಬಿಟ್ಟೆ.

"ಕಣ್ಣು ಚೆನ್ನಾಗೇ ಇದೆ. ದಿನಕ್ಕೆ ಮೂರೇ ಪುಟ ಓದೋದು," ಎಂದ.

"ಯಾಕೆ? ಡಾಕ್ಟರು ಪಥ್ಯ ಹೇಳಿದಾರಾ?"

"ಇವತ್ತೇ ಎಲ್ಲಾ ಓದಿಬಿಟ್ರೆ ನಾಳೆ ಏನು ಹೇಳಲಿ?"

ಯಾರಿಗೆ ಎಂದು ನಾನು ಕೇಳಲಿಲ್ಲ. ಅಷ್ಟೂ ತಿಳಿಯದ ದಡ್ಡಿಯಲ್ಲ ನಾನು. ತೆಪ್ಪದವರು ಕೊನೆಯ ಬಿಸ್ಕತ್ತನ್ನು ತುಂಡು ಮಾಡಿ ತಿನ್ನುವ ಹಾಗೆ ಈ ಮನುಷ್ಯ ಕಾದಂಬರಿಯನ್ನು ತಿನ್ನುತ್ತಿದ್ದ. ಭಾನುವಾರ ಪುಸ್ತಕ ಮುಟ್ಟುತ್ತಿರಲಿಲ್ಲ. ಒಮ್ಮೆ ಮೇಡಂಗೆ ಕಾಮಾಲೆಯಾಗಿ ಹತ್ತು ದಿನ ರಜೆ ಹಾಕಿದರು. ಆಗ ಕಥೆಯೊಳಗಿನ ಪುಣ್ಯಾತ್ಮನೊಬ್ಬ ಬಂಡೆಯಿಂದ ಜಾರಿ ಬೇರು ಹಿಡಿದುಕೊಂಡಿದ್ದ. ಹತ್ತು ದಿನವೂ ಅವನು ಅಲ್ಲೇ ನೇತಾಡಿದ. ಹನ್ನೊಂದನೆಯ ದಿನ ಮೇಡಂ ಹಳದಿ ಮುಖದಲ್ಲಿ ಬಂದು, "ಮೇಲೆ ಹತ್ತಿದ್ನಾ?" ಅಂದದ್ದು ನನ್ನ ಅಂಗಡಿಗೇ ಕೇಳಿಸಿತು. "ಈಗ ಹತ್ತಿಸ್ತೀನಿ ಮೇಡಂ," ಎಂದು ಗೇಟು ಎಳೆದ ಅವನ ಮುಖವನ್ನು ನೀವು ನೋಡಬೇಕಿತ್ತು.

ಹದಿನಾಲ್ಕು ವರ್ಷ. ಒಂದು ದಿನವೂ ಅವರಿಬ್ಬರು ಲಿಫ್ಟಿನ ಹೊರಗೆ ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ. ನನಗೆ ಕೆಲವು ಸಲ ಸಿಟ್ಟು ಬರುತ್ತಿತ್ತು. ಹಿಮಕರಡಿಯ ಮುಂದೆ ನಿಲ್ಲುವವರ ಕಥೆಯನ್ನು ಅಷ್ಟು ಓದಿದವನಿಗೆ ಒಂದು ಮಾತು ಆಡುವ ಧೈರ್ಯ ಇಲ್ಲವಲ್ಲ ಎಂದು. ಮೇಡಂ ಕೂಡ ಒಂಟಿಯೇ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಮದುವೆಯ ವಯಸ್ಸು ದಾಟಿತ್ತು ಎಂದು ಅವರ ಕಚೇರಿಯವರು ಹೇಳುತ್ತಿದ್ದರು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು.

ಹೋದ ತಿಂಗಳ ಕೊನೆಗೆ ಮೇಡಂ ನಿವೃತ್ತರಾದರು. ಬೇರೆ ಊರಲ್ಲಿರುವ ತಂಗಿಯ ಮನೆಗೆ ಹೊರಟು ನಿಂತಿದ್ದರು. ತಂಗಿಯ ಗಂಡ ಮಧ್ಯಾಹ್ನವೇ ಬಂದು ಸಾಮಾನು ತುಂಬಿದ ವ್ಯಾನಿನಲ್ಲಿ ಕೆಳಗೆ ಕಾಯುತ್ತಿದ್ದರು. ಅವತ್ತು ಬೆಳಿಗ್ಗೆ ನಾನು ಲಿಫ್ಟಣ್ಣನಿಗೆ ನೇರವಾಗಿಯೇ ಹೇಳಿದೆ: "ಇವತ್ತು ಏನಾದ್ರೂ ಬಾಯಿ ಬಿಡು ಮಾರಾಯ. ನಾಳೆ ಯಾರ ಹತ್ರ ಮಾತಾಡ್ತೀಯ, ಗೋಡೆ ಹತ್ರಾನಾ?" ಅವನು ಪುಸ್ತಕದಲ್ಲಿ ಮುಖ ಹುದುಗಿಸಿದ. ಪುಸ್ತಕ ತಲೆಕೆಳಗಾಗಿತ್ತು.

ಮುಂದಿನದನ್ನು ಅವನೇ ನನಗೆ ಹೇಳಿದ. ಒಂದೇ ಸಲಕ್ಕಲ್ಲ, ದಿನಕ್ಕೆ ನಾಲ್ಕು ಮಾತಿನಂತೆ ವಾರವಿಡೀ ಹೇಳಿದ. ನಾನು ಜೋಡಿಸಿಕೊಂಡಿದ್ದೇನೆ.

ಸಂಜೆ ಕಚೇರಿಯವರೆಲ್ಲ ಮೊದಲೇ ಇಳಿದಿದ್ದರು. ಬೀರುವಿಗೆ ಬೀಗ ಹಾಕಿ ಬರುತ್ತೇನೆಂದು ಮೇಡಂ ಹಿಂದೆ ಉಳಿದರು. ಬೀಳ್ಕೊಡುಗೆಗೆ ಕೊಟ್ಟ ಗೋಡೆ ಗಡಿಯಾರವನ್ನು ಎದೆಗೆ ಅವಚಿಕೊಂಡು ಲಿಫ್ಟು ಹತ್ತಿದರು. ಇವನು ಗೇಟು ಎಳೆದ. ಎಲ್ಲಿದೀರಿ ಎಂದು ಅವರು ಕೇಳಲಿಲ್ಲ. ಇವನು ಗುಂಡಿ ಒತ್ತಿದ. ಮೂರನೇ ಮಹಡಿ ದಾಟಿತು. ಎರಡನೆಯದು ಬರುವ ಮೊದಲೇ ಲಿಫ್ಟು ಗಕ್ಕನೆ ನಿಂತಿತು.

ನಮ್ಮದು ಮಡಚುವ ಕಬ್ಬಿಣದ ಗೇಟಿನ ಲಿಫ್ಟು. ಒಳಗಿನ ಗೇಟು ಒಂದು ಬೆರಳು ಸರಿದರೂ ಸಾಕು, ನಿಂತುಬಿಡುತ್ತದೆ. ತಳ್ಳಿದರೆ ಹೊರಡುತ್ತದೆ. ಲಿಫ್ಟಣ್ಣನಿಗೆ ಕಣ್ಣು ಮುಚ್ಚಿಕೊಂಡರೂ ಅದು ಗೊತ್ತು. ತಳ್ಳದೆ ಸುಮ್ಮನಿರಲು ಅವನಿಗೆ ಆಸೆಯಾಯಿತಂತೆ. ಹಾಗೆಂದು ಅವನೇ ತಲೆ ತಗ್ಗಿಸಿ ಒಪ್ಪಿಕೊಂಡ. ಆದರೆ ಮನಸ್ಸು ಒಪ್ಪಲಿಲ್ಲ.

"ಗೇಟು ಸರಿದಿದೆ ಮೇಡಂ. ಹೆದರಬೇಡಿ, ತಳ್ಳಿದ್ರೆ ಹೋಗುತ್ತೆ," ಎಂದು ಕೈ ಮುಂದೆ ಮಾಡಿದ.

"ಗೊತ್ತು," ಎಂದರು ಮೇಡಂ. "ನಾನೇ ಸರಿಸಿದ್ದು."

ಅವನು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತ. ಆಮೇಲೆ ಸ್ಟೂಲನ್ನು ಹೆಗಲ ಮೇಲಿನ ಟವಲಿನಿಂದ ಒರೆಸಿ ಅವರನ್ನು ಕೂರಿಸಿದ. ತಾನು ನೆಲದ ಮೇಲೆ ಕೂತ. ಬಾಟಲಿ ತೆಗೆದ, ಬಿಸ್ಕತ್ತು ತೆಗೆದ. ಅಭ್ಯಾಸಬಲದಿಂದ ಪುಸ್ತಕವನ್ನೂ ತೆಗೆದ.

"ಇವತ್ತು ಅದು ಬೇಡ," ಎಂದರು ಅವರು. "ಇಷ್ಟು ವರ್ಷ ಯಾರ್ಯಾರದೋ ಕಥೆ ಹೇಳಿದ್ರಿ. ನಿಮ್ಮ ಮನೆ ಯಾವ ಕಡೆ ಅಂತಾನೂ ನನಗೆ ಗೊತ್ತಿಲ್ಲ."

ಅವನು ಮನೆಯ ವಿಷಯ ಹೇಳಿದ. ಹಿಂದಿನ ಕೋಣೆ, ಅಕ್ಕನ ಬೈಗುಳ, ಅಟ್ಟದ ಮೇಲಿನ ಪುಸ್ತಕಗಳು, ತಾನು ಒಂದು ಸಲವೂ ಸಮುದ್ರ ನೋಡದೆ ಇರುವುದು. ಅವರು ನಕ್ಕರು. ತಾನೂ ನೋಡಿಲ್ಲ ಎಂದರು. ಆಮೇಲೆ ಬಿಸ್ಕತ್ತನ್ನು ಮುರಿಯುತ್ತಾ ಕೇಳಿದರು: "ನಾನು ದಿನಾ ಮನೆಯಿಂದ ಡಬ್ಬಿ ತರ್ತಿದ್ದೆ. ಮಧ್ಯಾಹ್ನ ಕೆಳಗೆ ಬರೋಕೆ ನನಗೇನು ಕೆಲಸ ಇತ್ತು, ಹೇಳಿ?"

ಲಿಫ್ಟಣ್ಣ ಇದನ್ನು ನನಗೆ ಹೇಳುವಾಗ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತಿದ್ದ. ಐವತ್ತೆಂಟು ವರ್ಷದ ಗಂಡಸಿನ ಮುಖ ಹಾಗೆ ಅರಳಿ, ಹಾಗೆಯೇ ಬಾಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

"ಆಮೇಲೆ?" ಎಂದೆ.

"ಆಮೇಲೆ ನನಗೂ ಧೈರ್ಯ ಬಂತು. ಮೇಡಂ, ನೀವು ಹೋಗಲೇಬೇಕಾ, ಅಂತ ಕೇಳೋಣ ಅಂದ್ಕೊಂಡೆ. 'ಮೇಡಂ, ನೀವು' ಅಂತ ಅಂದೆ. ಅವರೂ ತಲೆ ಎತ್ತಿದ್ರು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕೂಗು ಬಂತು."

ಅವತ್ತು ಆರು ಗಂಟೆಯೊಳಗೆ ನಾನು ವಕೀಲರಿಗೆ ಇನ್ನೂರು ಹಾಳೆ ತಲುಪಿಸಬೇಕಿತ್ತು. ಲಿಫ್ಟು ಬರಲಿಲ್ಲ. ಗಂಟೆ ಒತ್ತಿ ಒತ್ತಿ ಸಾಕಾಗಿ, ಕಟ್ಟು ಹೊತ್ತುಕೊಂಡು, ಮೊಣಕಾಲನ್ನು ಶಪಿಸುತ್ತಾ ಮೆಟ್ಟಿಲು ಹತ್ತಿದೆ. ಎರಡನೇ ಮಹಡಿಯ ಜಾಲರಿಯ ಮೇಲೆ ಲಿಫ್ಟಿನ ತಳ ಕಂಡಿತು. "ಲಿಫ್ಟಣ್ಣಾ! ಬದುಕಿದ್ದೀಯೇನೋ? ಹೆದರಬೇಡ, ನಾನಿದೀನಿ!" ಎಂದು ಕಟ್ಟಡವೇ ನಡುಗುವಂತೆ ಕೂಗಿದೆ. ವಕೀಲರು ಓಡಿ ಬಂದರು, ವಾಚ್‌ಮನ್ ಬಂದ, ಕೆಳಗೆ ಕಾಯುತ್ತಿದ್ದ ತಂಗಿಯ ಗಂಡನೂ ಬಂದರು. ಮೇಲಿನಿಂದ ಗೇಟು ಸರಿದ ಶಬ್ದ ಕೇಳಿತು, ಲಿಫ್ಟು ಇಳಿಯಿತು. ಆ ಗೇಟು ತಳ್ಳಿದ್ದು ಮೇಡಂ ಅಂತೆ. ಹೊರಗೆ ಬಂದವರು ನನ್ನ ಕೈ ಹಿಡಿದು, "ಪಾಪ, ನಿಮಗೆ ತೊಂದರೆ ಆಯ್ತು," ಎಂದರು. ವ್ಯಾನು ಹೊರಟಿತು. ನಾನೇ ಇಬ್ಬರನ್ನೂ ಉಳಿಸಿದೆ ಎಂದು ಬಂದ ಗಿರಾಕಿಗಳಿಗೆಲ್ಲ ವಾರಪೂರ್ತಿ ಹೇಳಿಕೊಂಡು ಮೆರೆದವಳೂ ನಾನೇ.

ಬೆಂಚಿನ ಮೇಲೆ ಲಿಫ್ಟಣ್ಣ ಟವಲು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಎಲ್ಲಾ ಪುಸ್ತಕದಲ್ಲೂ ಹೀಗೇ ಬರುತ್ತಮ್ಮಾ," ಎಂದ. "ತಿಂಗಳುಗಟ್ಟಲೆ ಕಾದಿರ್ತಾನೆ. ಹೊರಗಿಂದ ಯಾರೋ ಕೂಗ್ತಾರೆ. ಇವನು ಮಂಡಿ ಊರಿ, ಸಂತೋಷಕ್ಕೆ ಅಳ್ತಾನೆ. ಆ ಕೂಗು ಕೇಳಿಸದೇ ಇದ್ದಿದ್ರೆ ಅಂತ ಅತ್ತವನು ಒಬ್ಬನೂ ಇಲ್ಲ."

ಕೂಗಿದ್ದು ಯಾರೆಂದು ಅವನು ಹೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಮೂರನೇ ಮಹಡಿಯಿಂದ ಗಂಟೆ ಬಾರಿಸಿತು. ಎದ್ದು ಹೋದ.