ಖಾಲಿ ತೂತಿಗೆ ಪ್ಲಾಸ್ಟರ್ ಹಚ್ಚುವ ತಂತಿಯಕ್ಕ

ಬೆಳಗಿನ ಐದೂಕಾಲು. ಆಸ್ಪತ್ರೆಯ ಹಳೇ ಕಟ್ಟಡದ ಉದ್ದನೆಯ ವಾರ್ಡು. ಅದರ ಕೊನೆಯಲ್ಲಿರುವ ಕಬ್ಬಿಣದ ಕಪಾಟಿನ ಮುಂದೆ ಆಕೆ ಮಂಡಿಯೂರಿ ಕೂತಿದ್ದಾರೆ. ಬಾಯಲ್ಲಿ ಸಣ್ಣ ಟಾರ್ಚು, ಎಡಗೈಯಲ್ಲಿ ಎರಡು ಎಳೆ ತಾಮ್ರದ ತಂತಿ. ಬೆನ್ನ ಹಿಂದೆ ನಲವತ್ತೆರಡು ಹಾಸಿಗೆಗಳಲ್ಲಿ ನಲವತ್ತೆರಡು ಬಗೆಯ ಉಸಿರು. ಎಲ್ಲೋ ನಡುವೆ ಯಾರೋ ಸ್ಟೀಲ್ ಲೋಟದಿಂದ ಮಂಚದ ಕಂಬಿಗೆ ಬಡಿಯುತ್ತಾರೆ. ಟಣ್, ಟಣ್. ಯಾರೂ ಬರುವುದಿಲ್ಲ. ಮತ್ತೆ ಟಣ್, ಟಣ್. ಆಕೆ ಟಾರ್ಚು ಉಗಿದು, ಮಂಡಿ ಹಿಡಿದುಕೊಂಡು ಏಳುತ್ತಾರೆ. "ಬಂದೆ ತಾತ, ಬಂದೆ. ಲೋಟ ಸೊಟ್ಟ ಮಾಡ್ಬೇಡಿ, ಆಮೇಲೆ ನೀರು ಯಾವುದ್ರಲ್ಲಿ ಕುಡೀತೀರಿ?" ನೀರು ಕುಡಿಸಿ, ಹೊದಿಕೆ ಸರಿಮಾಡಿ ಮತ್ತೆ ಕಪಾಟಿನ ಮುಂದೆ ಬಂದು ಕೂರುತ್ತಾರೆ.

ನೀರು ಕುಡಿಸುವುದು ಅವರ ಕೆಲಸವಲ್ಲ. ಅವರ ಕೆಲಸ ಈ ಲೋಟದ ಸದ್ದು ನಿಲ್ಲಿಸುವುದು. ಹಾಸಿಗೆ ಪಕ್ಕದ ಗುಂಡಿ ಒತ್ತಿದರೆ ಸಿಸ್ಟರ್‌ಗಳ ಕೋಣೆಯಲ್ಲಿ ಗಂಟೆ ಹೊಡೆದು, ಫಲಕದಲ್ಲಿ ಹಾಸಿಗೆಯ ಸಂಖ್ಯೆ ಬೆಳಗಬೇಕು. ಮೂರು ವರ್ಷದಿಂದ ಈ ವಾರ್ಡಿನ ಗಂಟೆಗಳು ಸತ್ತು ಮಲಗಿವೆ. ಏಳು ಗಂಟೆಗೆ ಪಾಳಿ ಬದಲಾಗುವ ಹೊತ್ತಿಗೆ ಅವು ಮಾತಾಡಬೇಕು.

ಆಸ್ಪತ್ರೆಯವರೆಲ್ಲ ಅವರನ್ನು ತಂತಿಯಕ್ಕ ಎನ್ನುತ್ತಾರೆ. ವಯಸ್ಸು ಐವತ್ತಮೂರು. ಹತ್ತೊಂಬತ್ತು ವರ್ಷದಿಂದ ಆರು ಕಟ್ಟಡಗಳ ತಂತಿಗಳನ್ನು ನೋಡಿಕೊಳ್ಳುತ್ತಿದ್ದರೂ ಗುರುತಿನ ಚೀಟಿಯಿಲ್ಲ. ದಿನಾ ಬೆಳಗ್ಗೆ ಗೇಟಿನಲ್ಲಿ 'ಸಂದರ್ಶಕರು' ಎಂದು ಬರೆದ ಹಳದಿ ಚೀಟಿ ಪಡೆದು ಒಳಗೆ ಬರುತ್ತಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲೇ ಎಂದು ನಾನು ಕೇಳಿದಾಗ ಮೊದಲು ನಕ್ಕುಬಿಟ್ಟರು. ಎರಡು ವಾರ ಬಿಟ್ಟು ತಾವೇ ಫೋನು ಮಾಡಿದರು. "ಬರೀರಿ. ಆದ್ರೆ ನಾನು ಮಾಡಿದ ತಪ್ಪೂ ಅದ್ರಲ್ಲಿ ಬರ್ಬೇಕು. ನನ್ನ ತಪ್ಪಿಗೆ ಬೇರೆಯವ್ರು ಹೆಸರು ಕೆಡಿಸ್ಕೊಂಡು ಕೂತಿದ್ದಾರೆ. ಅದನ್ನ ಬರೆಯಲ್ಲ ಅಂದ್ರೆ ಬರ್ಲೇಬೇಡಿ."

ತಪ್ಪಿನ ಮಾತಿಗೆ ಮೊದಲು ಕೆಲಸದ ಮಾತು. ಸಿಸ್ಟರ್‌ಗಳ ಕೋಣೆ ಇರುವುದು ಹೊಸ ಕಟ್ಟಡದಲ್ಲಿ, ಇಲ್ಲಿಂದ ಇನ್ನೂರ ನಲವತ್ತು ಮೀಟರು ಆಚೆ. ಹಿಂದೆ ಈ ವಾರ್ಡಿಗೆ ಅದರದೇ ಸಿಸ್ಟರ್‌ಗಳಿದ್ದರು. ಜನ ಕಡಿಮೆಯಾದ ಮೇಲೆ ಎರಡೂ ಕಡೆಗೆ ಸೇರಿ ಇಬ್ಬರೇ. ನೆಟ್‌ವರ್ಕ್ ಕೇಬಲ್ಲು ನೂರು ಮೀಟರು ದಾಟಿದರೆ ಅದರ ದನಿ ಸೋಲುತ್ತದೆ. ಆದರೆ ಎರಡು ಕಟ್ಟಡಗಳ ನಡುವೆ, ನೆಲದಡಿ, ಹಳೇ ಟೆಲಿಫೋನಿನ ತಾಮ್ರದ ಎಳೆಗಳಿವೆ. ಆ ಎಳೆಗಳ ಎರಡು ತುದಿಗೂ ಒಂದೊಂದು ಪೆಟ್ಟಿಗೆ ಕಟ್ಟಿದರೆ ಮಾತು ಅಷ್ಟು ದೂರವೂ ಹೋಗುತ್ತದೆ. ಆ ಪೆಟ್ಟಿಗೆಗೆ ಎಕ್ಸ್‌ಟೆಂಡರ್ ಎಂದು ಹೆಸರು. ಅಂಗೈಯಗಲದ್ದು, ಹೊಟ್ಟೆಯಲ್ಲೇ ಸ್ವಿಚ್ಚೂ ಇದೆ, ಅಂದರೆ ಒಂದು ಎಳೆಯಲ್ಲಿ ಬಂದದ್ದನ್ನು ಕೇಬಲ್ಲು ಸಿಕ್ಕಿಸುವ ನಾಲ್ಕು ತೂತಿಗೆ ಹಂಚುವ ವ್ಯವಸ್ಥೆ.

ಪೆಟ್ಟಿಗೆಯ ಪಕ್ಕದಲ್ಲಿರುವ ಚಿಕ್ಕ ಗುಂಡಿಯನ್ನು ಅವರು ಉಗುರಿನಿಂದ ಸರಿಸುತ್ತಾರೆ. ಆಚೆ ತುದಿಯದು ನಡೆಸುವ ಪೆಟ್ಟಿಗೆ, ಈಚೆಯದು ಅನುಸರಿಸುವ ಪೆಟ್ಟಿಗೆ. ಎರಡರ ಗುಂಡಿಯೂ ಒಂದೇ ಕಡೆಗಿದ್ದರೆ ಜನ್ಮದಲ್ಲಿ ಸಂಪರ್ಕ ಕೂಡುವುದಿಲ್ಲ. "ಎರಡೂ ಕಡೆ ಮಾತಾಡೋರೇ ಆದ್ರೆ ಕೇಳೋರ್ಯಾರು? ನಮ್ಮ ಬೀದಿ ನಲ್ಲಿ ಹತ್ರ ಬಂದು ನೋಡಿ, ಗೊತ್ತಾಗುತ್ತೆ" ಎನ್ನುತ್ತಾರೆ. ದೀಪ ಮಿಣುಕುತ್ತದೆ. ಒಂದು ನಿಮಿಷ. ಒಂದೂವರೆ. ಪದ್ಯ ಓದುವವರು ಉಸಿರೆಳೆದುಕೊಳ್ಳುವಾಗ ಕೇಳುವವರೂ ಉಸಿರು ಹಿಡಿಯುತ್ತಾರಲ್ಲ, ಹಾಗೆ ಅವರೂ ನಾನೂ ನೋಡುತ್ತೇವೆ. ದೀಪ ಹಸಿರಾಗಿ ನಿಲ್ಲುತ್ತದೆ.

ಇಷ್ಟಕ್ಕೆ ಬೇರೆಯವರು ಚೀಲ ಕಟ್ಟುತ್ತಾರೆ. ತಂತಿಯಕ್ಕ ಮೂಲೆ ಒಡೆದ ಲ್ಯಾಪ್‌ಟಾಪು ತೆರೆದು ಪೆಟ್ಟಿಗೆಯ ಒಳಹೊಗುತ್ತಾರೆ. ಅದರ ಜೊತೆ ಬಂದ ಪಾಸ್‌ವರ್ಡ್ ತೆಗೆದು ಹೊಸದು ಹಾಕುತ್ತಾರೆ. ವೇಗವನ್ನು ಬೇಕೆಂದೇ ಇಳಿಸುತ್ತಾರೆ. "ಓಡೋದು ಯಾರಿಗೆ ಬೇಕು? ಬೀಳ್ದೆ ನಡೆದ್ರೆ ಸಾಕು." ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದುತ್ತಾರೆ. ತಂತಿ ಸುತ್ತು ಹಾಕಿಕೊಂಡರೆ ಆ ತೂತನ್ನು ತಾನೇ ಮುಚ್ಚಿಬಿಡುವ ಕಾವಲು ಅದು. ಇಲ್ಲಿ ಮೊದಲಿದ್ದ ಪೆಟ್ಟಿಗೆಯಲ್ಲಿ ಇರಲಿಲ್ಲ. ಅದನ್ನು ಚಾಲೂ ಮಾಡುತ್ತಾರೆ.

ಆಮೇಲೆ, ಆ ಕಾವಲನ್ನು ಪರೀಕ್ಷಿಸಲು, ಚೀಲದಿಂದ ಮೊಳದುದ್ದದ ಕೇಬಲ್ಲು ತೆಗೆದು, ಅದರ ಒಂದು ತುದಿಯನ್ನು ಮೂರನೇ ತೂತಿಗೆ, ಇನ್ನೊಂದು ತುದಿಯನ್ನು ಅದೇ ಪೆಟ್ಟಿಗೆಯ ನಾಲ್ಕನೇ ತೂತಿಗೆ ಸಿಕ್ಕಿಸುತ್ತಾರೆ. ಆ ಎರಡು ತೂತುಗಳ ದೀಪಗಳು ಒಮ್ಮೆ ಹುಚ್ಚೆದ್ದು ಮಿಣುಕಿ ಆರಿಹೋಗುತ್ತವೆ. ಉಳಿದವು ನೆಟ್ಟಗೆ ಉರಿಯುತ್ತವೆ. ಕೇಬಲ್ಲು ಕಿತ್ತು ಕೈಯಲ್ಲಿ ಹಿಡಿದು ಅವರು ಗೋಡೆಗೆ ಒರಗಿ ಕೂರುತ್ತಾರೆ.

"ಇದೇ" ಎನ್ನುತ್ತಾರೆ. "ಅವತ್ತು ಆಗಿದ್ದು ಇದೇ."

ಮೂರು ವರ್ಷದ ಹಿಂದೆ ಇದೇ ಕಪಾಟಿನಲ್ಲಿ ಹಳೇ ಪೆಟ್ಟಿಗೆ ಕೂರಿಸಿ, ಲ್ಯಾಪ್‌ಟಾಪಿಗೆ ಹಾಕಿದ್ದ ಮೋಟು ಕೇಬಲ್ಲನ್ನು ತೆಗೆಯದೆ ಹೋಗಿದ್ದರು. ನಾಳೆ ಹೇಗೂ ಬೇಕಾಗುತ್ತದೆ ಎಂಬ ಸೋಮಾರಿತನ. ಒಂದು ತುದಿ ತೂತಿನಲ್ಲಿ, ಇನ್ನೊಂದು ನೇತಾಡುತ್ತ. ಮಧ್ಯಾಹ್ನ ಎರಡರ ಹೊತ್ತಿಗೆ ಗುಡಿಸಲು ಬಂದವರು ಕಂಡರು, ಪಾಪ, ಕಳಚಿಬಿದ್ದಿದೆ ಎಂದುಕೊಂಡು ಪಕ್ಕದ ಖಾಲಿ ತೂತಿಗೆ ಸಿಕ್ಕಿಸಿದರು. ಪೆಟ್ಟಿಗೆಯ ಮಾತು ಪೆಟ್ಟಿಗೆಗೇ ಮರಳಿತು. ಗಾಣದೆತ್ತಿನಂತೆ ಸುತ್ತಿದ್ದೇ ಸುತ್ತಿದ್ದು, ಬೇರೆ ಮಾತಿಗೆ ಎಡೆಯೇ ಇರಲಿಲ್ಲ. ಅತ್ತ ಫಲಕದಲ್ಲಿ ಎಲ್ಲ ಸರಿಯಿದ್ದ ಹಾಗೆಯೇ ಹಸಿರು ನಿಂತಿತ್ತು. ಹನ್ನೊಂದನೇ ಹಾಸಿಗೆಯಲ್ಲಿ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿದ್ದರು. ಸಂಜೆ ಐದೂವರೆಗೆ ನೋಡಿದಾಗ ಅವರ ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

"ನನ್ನ ಕರೆಸಿದ್ರು. ಕಪಾಟು ತೆಗೆದೆ, ನೋಡ್ದೆ, ಕೇಬಲ್ ಕಿತ್ತೆ. ಆಚೆ ಕೋಣೆಯಿಂದ ಫೋನಲ್ಲಿ ಸಿಸ್ಟರ್ ಹೇಳಿದ್ರು, 'ಅಕ್ಕ, ಈಗ ಹನ್ನೊಂದು ಹೊತ್ಕೊಳ್ತು' ಅಂತ." ಕೇಬಲ್ಲನ್ನು ಬೆರಳಿಗೆ ಸುತ್ತುತ್ತಾರೆ. "ಮೇಷ್ಟ್ರ ಕರೆ ಅಲ್ಲೇ ಕಾಯ್ತಾ ನಿಂತಿತ್ತು. ದಾರಿ ಬಿಟ್ಟ ತಕ್ಷಣ ಹೋಯ್ತು. ಆದ್ರೆ ಅವ್ರೇ ಇರ್ಲಿಲ್ವಲ್ಲ."

ಸಿಕ್ಕಿಸಿದವರು ಯಾರು ಎಂದು ಕೇಳಿದರೆ ತಲೆಯಾಡಿಸುತ್ತಾರೆ. "ಅದನ್ನ ಕೇಳ್ಬೇಡಿ. ಬಿದ್ದಿದ್ದನ್ನ ಎತ್ತಿಟ್ಟೋರ ತಪ್ಪಲ್ಲ, ಬಿದ್ದ ಹಾಗೆ ಬಿಟ್ಟೋಳ ತಪ್ಪು."

ಮರುದಿನವೇ ಆ ಹಳೇ ಪೆಟ್ಟಿಗೆಯನ್ನು ಕಳಚಿಸಿದರು, ಹೊಸದು ಬರಲು ಮೂರು ವರ್ಷ ಹಿಡಿಯಿತು. ತನಿಖೆಯ ಕಾಗದದಲ್ಲಿ ಕೇಬಲ್ಲಿನ ಮಾತಿಲ್ಲ. ಅದರಲ್ಲಿರುವುದು: 'ಪಾಳಿಯ ಸಿಸ್ಟರ್ ಕರ್ತವ್ಯದ ವೇಳೆ ನಿದ್ರಿಸಿದ್ದು ಕಂಡುಬಂದಿದೆ.' ಅಂದು ಫಲಕದ ಮುಂದೆ ಕೂತಿದ್ದವರು ಎರಡು ತಿಂಗಳು ಅಮಾನತಾದರು. ಅಷ್ಟೂ ಹೊತ್ತು ಅವರು ಹೊಸ ಕಟ್ಟಡದ ರೋಗಿಗಳ ಜ್ವರದ ಪಟ್ಟಿ ತುಂಬುತ್ತಿದ್ದರು, ಪ್ರತಿ ಸಾಲಿಗೂ ಸಮಯ ಬರೆದಿತ್ತು. ಅದನ್ನು ಯಾರೂ ತೆರೆದು ನೋಡಲಿಲ್ಲ. ತಂತಿಯಕ್ಕ ಮೇಲಧಿಕಾರಿಯ ಬಳಿ ಮೂರು ಸಲ ಹೋಗಿ ತಪ್ಪು ತನ್ನದೆಂದು ಹೇಳಿದರು. "ಆಗಿದ್ದು ಆಗಿಹೋಯ್ತಮ್ಮ, ಬರೆದಿದ್ದು ಬರೆದಾಯ್ತು. ನಿಮಗ್ಯಾಕೆ ಇಲ್ಲದ ಉಸಾಬರಿ?" ಎಂಬ ಉತ್ತರ ಬಂತು. ಆಸ್ಪತ್ರೆಯ ಓಣಿಗಳಲ್ಲಿ ಆ ಸಿಸ್ಟರ್‌ಗೆ ಇಂದಿಗೂ 'ನಿದ್ದೆ ಸಿಸ್ಟರ್' ಎಂದೇ ಹೆಸರು. ಊಟದ ಡಬ್ಬಿ ತೆರೆದರೆ ಪಕ್ಕದಿಂದ ಯಾರಾದರೂ "ಜಾಸ್ತಿ ತಿನ್ಬೇಡಿ ಸಿಸ್ಟರ್, ಆಮೇಲೆ ಕಣ್ಣು ಎಳೆಯುತ್ತೆ" ಎನ್ನದೆ ಬಿಡುವುದಿಲ್ಲ.

ಅದೇ ಸಿಸ್ಟರ್ ಆರು ಗಂಟೆಗೆ ಸೂಜಿಮದ್ದಿನ ತಟ್ಟೆ ಹಿಡಿದು ವಾರ್ಡಿಗೆ ಬರುತ್ತಾರೆ. ಇಂದಿನ ಕೆಲಸಕ್ಕೆ ಒಪ್ಪಿಗೆಯ ಸಹಿ ಹಾಕಬೇಕಾದವರು ಅವರೇ. ಮೂರು ವರ್ಷದಲ್ಲಿ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತು ನಡೆದಿಲ್ಲ. ಅಂದಿನಿಂದ ತಂತಿಯಕ್ಕ ಎಲ್ಲಿ ಪೆಟ್ಟಿಗೆ ಕೂರಿಸಿದರೂ ಖಾಲಿ ತೂತುಗಳ ಮೇಲೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಅಂಟಿಸುತ್ತಾರೆ. ಮೂವತ್ತೊಂದು ಪೆಟ್ಟಿಗೆಗಳಿಗೂ ಹಾಗೆಯೇ. ನೋಡಿದವರು "ಪೆಟ್ಟಿಗೆಗೇನಕ್ಕ, ಹುಣ್ಣಾ?" ಎಂದು ನಗುತ್ತಾರೆ. ಇವತ್ತು ಚೀಲದ ಪ್ಲಾಸ್ಟರ್ ಮುಗಿದಿದೆ, ತಡಕುತ್ತಿದ್ದಾರೆ. ಸಿಸ್ಟರ್ ನಿಂತು ನೋಡುತ್ತಾರೆ. ತಟ್ಟೆಯಲ್ಲಿದ್ದ ಸುರುಳಿಯಿಂದ ಎರಡು ತುಂಡು ಕತ್ತರಿಸಿ ಚಾಚುತ್ತಾರೆ.

ಸಿಸ್ಟರ್ ಸೂಜಿಮದ್ದು ಮುಗಿಸುವಷ್ಟರಲ್ಲಿ ನಾವು ಹೊಸ ಕಟ್ಟಡಕ್ಕೆ ನಡೆಯಬೇಕು. ಒಬ್ಬಂಟಿ ಕೆಲಸ, ಈ ತುದಿಯಲ್ಲಿ ಮುಟ್ಟಿದ್ದನ್ನು ಆ ತುದಿಗೆ ಹೋಗಿಯೇ ನೋಡಬೇಕು. ಬೆಳಗ್ಗಿನಿಂದ ಇದು ಏಳನೇ ಓಡಾಟ, ಎಡಮಂಡಿ ಬಾತಿದೆ. ದಾರಿಯಲ್ಲಿ ಮನೆಯ ಮಾತು ಬರುತ್ತದೆ. ಯಜಮಾನರು ಟೆಲಿಫೋನ್ ಕೇಬಲ್ ಬೆಸೆಯುವವರಾಗಿದ್ದರು. ನಾವು ತುಳಿಯುತ್ತಿರುವ ನೆಲದ ಕೆಳಗಿನ ಎಳೆಗಳು ಅವರ ಕೈಯವೇ. ಪಾರ್ಶ್ವವಾಯು ಬಡಿದು ಮಾತು ಹೋಗಿದೆ. ಹೆಂಡತಿಯ ಹೆಸರು ಬಾಯಿಗೆ ಬರುವುದಿಲ್ಲ. ಆದರೆ ಎಳೆಗಳ ಬಣ್ಣದ ಸಾಲು ಒಂದಕ್ಷರ ತಪ್ಪದೆ ಬರುತ್ತದೆ. ಎಳೆಯ ವಯಸ್ಸಿನಲ್ಲಿ ಕಂಠಕ್ಕೆ ಕೂತದ್ದು ಕಡೆಗೂ ಬಿಡುವುದಿಲ್ಲವೇನೋ. "ನಾಕು ಗಂಟೆಗೆ ಎಬ್ಬಿಸಿ ಕೇಳ್ದೆ, ಹಳೇ ವಾರ್ಡಿಗೆ ಯಾವ ಜೋಡಿ ಚೆನ್ನಾಗಿದೆ ಅಂತ. ಬಿಳಿ-ನೀಲಿ, ಬಿಳಿ-ಕಿತ್ತಳೆ, ಬಿಳಿ-ಹಸಿರು ಅಂತ ಶುರು ಹಚ್ಕೊಂಡ್ರು. ಕೆಂಪು-ಹಸಿರಿಗೆ ಬಂದು ನಿಲ್ಲಿಸಿದ್ರು. ಕೈ ಒತ್ತಿದ್ರು. ಅದೇ ಜೋಡಿ ಹಾಕಿದ್ದೀನಿ." ಮೇಷ್ಟ್ರ ವಿಷಯ ಅವರಿಗೆ ಗೊತ್ತೇ? "ಹೇಳಿದ್ದೀನಿ. ಅವ್ರು ಬಣ್ಣಾನೇ ಹೇಳಿದ್ರು, ಮೊದ್ಲಿಂದ ಕೊನೆವರೆಗೂ. ಸಮಾಧಾನ ಹೇಳಿದ್ದು ಅಂದ್ಕೊಂಡೆ."

ಆರೂವರೆ. ಫಲಕದ ಮುಂದೆ ತಂತಿಯಕ್ಕ, ಆಚೆ ವಾರ್ಡಿನಲ್ಲಿ ಸಿಸ್ಟರ್, ನಡುವೆ ಫೋನು. ಸಿಸ್ಟರ್ ಒಂದೊಂದೇ ಗುಂಡಿ ಒತ್ತುತ್ತ ಹೋಗುತ್ತಾರೆ. ಒಂದು ಬಂತು. ಎರಡು ಬಂತು. ಹತ್ತಾದ ಮೇಲೆ ಹನ್ನೆರಡು ಬರುತ್ತದೆ. ತಂತಿಯಕ್ಕ ಏನೂ ಕೇಳುವುದಿಲ್ಲ. ನಲವತ್ತೆರಡರ ತನಕ ಮುಗಿದ ಮೇಲೆ ಫೋನಿನಲ್ಲಿ ಹಿಂತಿರುಗಿ ನಡೆಯುವ ಚಪ್ಪಲಿಯ ಸದ್ದು. ಫಲಕದಲ್ಲಿ ಗಂಟೆಯೊಡನೆ ಹನ್ನೊಂದು ಹೊತ್ತಿಕೊಳ್ಳುತ್ತದೆ.

"ಹನ್ನೊಂದು ಬಂತು ಸಿಸ್ಟರ್."

ಅತ್ತ ಕಡೆಯಿಂದ, "ಇನ್ನೊಂದ್ಸಲ ಒತ್ತುತೀನಿ, ನೋಡಿ."

"ಬಂತು."

"ಇನ್ನೊಂದ್ಸಲ."

"ಬಂತು ಸಿಸ್ಟರ್. ಎಷ್ಟು ಸಲ ಒತ್ತಿದ್ರೂ ಬರುತ್ತೆ."

ಏಳಕ್ಕೆ ಹತ್ತು ನಿಮಿಷವಿರುವಾಗ ಸಿಸ್ಟರ್ ಕೋಣೆಗೆ ಬಂದು ರಿಜಿಸ್ಟರ್ ತೆರೆದು ಸಹಿ ಹಾಕುತ್ತಾರೆ. ಅಷ್ಟರೊಳಗೆ ಗಂಟೆ ಹೊಡೆಯುತ್ತದೆ: ಇಪ್ಪತ್ತೇಳು. ಜೊತೆಗಿನ ಸಿಸ್ಟರ್ ಇನ್ನೊಂದು ಮಹಡಿಯಲ್ಲಿದ್ದಾರೆ. ಮೂವತ್ತಮೂರು. ಮತ್ತೆ ಇಪ್ಪತ್ತೇಳು. ಗಂಟೆ ಈಗ ಸರಿಯಾಗಿ ಕೇಳುತ್ತದೆ. ಎದ್ದು ಹೋಗುವ ಕಾಲುಗಳು ಮಾತ್ರ ಹಿಂದಿನಷ್ಟೇ. "ಕೈ ನಾಕಿದ್ರೂ ಸಾಲಲ್ಲ" ಎಂದುಕೊಂಡು ಸಿಸ್ಟರ್ ತಟ್ಟೆ ಎತ್ತಿಕೊಳ್ಳುತ್ತಾರೆ.

ಬಾಗಿಲಲ್ಲಿ ನಿಂತು ತಿರುಗುತ್ತಾರೆ. "ಅಕ್ಕ, ಇವ್ರು ಬಂದಿರೋದು ಯಾಕೆ ಅಂತ ನನಗೆ ಗೊತ್ತು. ಅದು ಪೇಪರಲ್ಲಿ ಬಂದ್ರೆ ನಾಳೆ ನಿಮ್ಮನ್ನ ಗೇಟಲ್ಲೇ ನಿಲ್ಲಿಸ್ತಾರೆ. ಮನೇಲಿ ಅವ್ರನ್ನ ಇಟ್ಕೊಂಡು ಏನ್ ಮಾಡ್ತೀರಿ?"

"ನಿಲ್ಲಿಸ್ಲಿ ಬಿಡಿ. ಹತ್ತೊಂಬತ್ತು ವರ್ಷದಿಂದ ಅಲ್ಲೇ ತಾನೇ ನಿಲ್ತಿರೋದು, ಚೀಟಿ ಬರೆಸ್ಕೊಂಡು."

ಸಿಸ್ಟರ್ ನಗುವುದಿಲ್ಲ. ಬೇಡ ಎಂದೂ ಹೇಳುವುದಿಲ್ಲ. ಇಪ್ಪತ್ತೇಳರ ಕಡೆಗೆ ಬೇಗ ಬೇಗ ನಡೆಯುತ್ತಾರೆ.

ತಂತಿಯಕ್ಕ ಚೀಲ ಕಟ್ಟುತ್ತಾರೆ. ಮೋಟು ಕೇಬಲ್ಲು ಒಳಗಿದೆಯೇ ಎಂದು ಕೈ ಹಾಕಿ ನೋಡುತ್ತಾರೆ, ಇನ್ನೊಮ್ಮೆ ನೋಡುತ್ತಾರೆ. ಬೇರೇನಾದರೂ ಬರೆಯಬೇಕೇ ಎಂದು ಕೇಳುತ್ತೇನೆ.

"ನನ್ನ ಮಂಡಿ, ನನ್ನ ಓಡಾಟ ಎಲ್ಲ ಬಿಟ್ರೂ ಪರವಾಗಿಲ್ಲ. ಒಂದೇ ಸಾಲು ಹಾಕಿ, ಸಾಕು. ಅವತ್ತು ಸಿಸ್ಟರ್ ಎಚ್ಚರವಾಗೇ ಇದ್ರು. ಕಣ್ಣು ಮುಚ್ಚಿದ್ದು ನನ್ನ ಪೆಟ್ಟಿಗೆ."