ಸೋಮವಾರವನ್ನು ಮಂಗಳವಾರ ಮಾಡಿದ ವಾಚು

ಅಪ್ಪ, ದೊಡ್ಡಪ್ಪ ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು. ಅಜ್ಜನ ವಾಚನ್ನು ಮಾತ್ರ ಸೀಳಲಾಗಲಿಲ್ಲ. ಅಜ್ಜ ಕಾರು ಓಡಿಸುತ್ತಿದ್ದ ಸಾಹುಕಾರರು ಕೊಟ್ಟ ಚಿನ್ನದ ಸ್ವಿಸ್ ವಾಚು ಅದು. ನಾಲೆ ನೀರಿನ ಹಾಗೆ ಅದಕ್ಕೂ ಪಾಳಿ ಮಾಡಿಕೊಂಡರು: ಒಂದು ತಿಂಗಳು ಅಣ್ಣನಿಗೆ, ಒಂದು ತಿಂಗಳು ತಮ್ಮನಿಗೆ.

ರಿಪೇರಿಗೆ ಬಿಚ್ಚಿದಾಗ ಅದರ ಒಳಗನ್ನು ನೋಡಿದ್ದೇನೆ. ನಾಲ್ಕು ವರ್ಷಕ್ಕೊಂದು ಸುತ್ತು ಬರುವ ಚಕ್ರ, ಅದರ ಅಂಚಿನಲ್ಲಿ ತಿಂಗಳಿಗೊಂದು ಕಚ್ಚು. ಸಣ್ಣದೊಂದು ಸನ್ನೆಕೋಲು ಆ ಅಂಚನ್ನು ಸವರುತ್ತದೆ. ಕಚ್ಚು ಆಳವಾದಷ್ಟೂ ತಿಂಗಳು ಗಿಡ್ಡ. ಅಧಿಕ ವರ್ಷದ ಫೆಬ್ರವರಿಯನ್ನೂ ತಾನೇ ಲೆಕ್ಕ ಹಿಡಿಯುವ ಈ ಜಾಣ ವಾಚಿಗೆ ದಿನಾ ಕೀಲಿ ಕೊಟ್ಟರೆ ಸಾಕು.

ದೊಡ್ಡಪ್ಪ ಅದನ್ನೂ ಮರೆತು ನಿಲ್ಲಿಸಿಬಿಟ್ಟಿದ್ದರು. ಪಾಳಿ ಮುಗಿದ ದಿನ ಪಕ್ಕದ ಪುಟ್ಟ ಗುಂಡಿಗಳನ್ನು ಜಾಲಿಮುಳ್ಳಿನಿಂದ ಒತ್ತೊತ್ತಿ, ತಾರೀಖು, ವಾರ ಕೂಡಿಸಿ ಅಪ್ಪನಿಗೆ ಕೊಟ್ಟರು. ಅಪ್ಪನಿಗೋ ಆ ವಾಚೆಂದರೆ ವೇದವಾಕ್ಯ, ಮೊಬೈಲು ಲೆಕ್ಕಕ್ಕಿಲ್ಲ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅಮ್ಮನೂ ನಾನೂ ತೊಟ್ಟಿಲ ಕಾರ್ಯಕ್ಕೆಂದು ನ್ಯಾಮತಿಗೆ ಹೋಗಿದ್ದೆವು. ವಾಪಸು ಬಂದ ಬೆಳಿಗ್ಗೆ ನಾನು ಬುತ್ತಿ ಹಿಡಿದು ಸಂತೇಬೆನ್ನೂರಿನ ಹೊಲಕ್ಕೆ ಹೋದರೆ ಅಪ್ಪ ಎತ್ತು ಹೂಡಿ, ಮೆಕ್ಕೆಜೋಳದ ಸಾಲಿನ ಕಳೆಗೆ ಎಡೆಕುಂಟೆ ಹೊಡೆಯುತ್ತಿದ್ದ. ಅಂದು ಸೋಮವಾರ. ಕೂಗಬೇಕು ಅನ್ನುವಷ್ಟರಲ್ಲಿ ಬದುವಿನಿಂದ ದೊಡ್ಡಪ್ಪ ಹಾರಿದರು.

"ಬಸವಣ್ಣನ ಶಾಪ ತಟ್ಟಾಕೆ ನಮ್ಮ ಮನೇನೆ ಬೇಕೇನಲೇ?" ಎನ್ನುತ್ತಾ ಅಪ್ಪನ ಕೈಯ ಬಾರುಕೋಲನ್ನೇ ಕಿತ್ತುಕೊಂಡು ಬೆನ್ನಿಗೆ ಬಾರಿಸಿದರು. ಅಂಗಿ ಹರಿಯಿತು. ಎತ್ತುಗಳು ಬೆದರಿ ಪೈರು ತುಳಿದವು.

"ಮಂಗಳಾರ ಐತಣ್ಣಾ! ನೋಡು, ನೀನೇ ಕೂಡಿಸಿ ಕೊಟ್ಟಿದ್ದು!" ಅಪ್ಪ ಮಣಿಕಟ್ಟು ಎತ್ತಿ ಹಿಡಿದ.

"ದೊಡ್ಡಪ್ಪಾ, ಇವತ್ತು ಸೋಮಾರನೇ. ವಾಚು ತಪ್ಪೈತಿ, ಅಪ್ಪಂದಲ್ಲ. ಬಿಡ್ರಿ!" ಎಂದು ನಾನು ಅವರ ಕೈಗೆ ಜೋತುಬಿದ್ದೆ.

ದೊಡ್ಡಪ್ಪ ವಾಚನ್ನು ದಿಟ್ಟಿಸಿದರು. ವಾರದ ಕಿಂಡಿಯಲ್ಲಿ ಮಂಗಳವಾರ. "ವಾರದ ಗುಂಡಿ ಒಂದು ಸಲ ಜಾಸ್ತಿ ಒತ್ತಿಬಿಟ್ಟೀನಿ," ಎಂದು ಗೊಣಗಿದರು. ಮುಗಿಯಿತು, ಇನ್ನು ತಮ್ಮನನ್ನು ತಬ್ಬಿಕೊಳ್ಳುತ್ತಾರೆ ಅಂದುಕೊಂಡೆ, ಎಂಥಾ ಪೆದ್ದಿ ನಾನು! ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಆಳುಗಳು ಬದುವಿನ ಮೇಲೆ ಸೇರಿದ್ದರು. ಯಾರೋ ಕಿಸಕ್ಕನೆ ನಕ್ಕು, "ತಪ್ಪು ಅಣ್ಣಂದು, ಏಟು ತಮ್ಮಂಗೆ," ಅಂದರು.

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ನನ್ನನ್ನು ಕೊಡವಿ ಬಿಸಾಕಿದರು. ಬಾರುಕೋಲು ಮತ್ತೆ ಮೇಲೆದ್ದಿತು, ಈ ಸಲ ಮೊದಲಿಗಿಂತ ಜೋರಾಗಿ. ಅಪ್ಪನ ಎಡಗಣ್ಣು ಹೋದದ್ದು ಆಗ.